ಅಗಲ ಬ್ರಷ್

“ಇಲ್ಲೇ ಇತ್ತಲ್ಲ,” ಎಂದು ಫ್ರಾಂಜಿ ಪೆಟ್ಟಿಗೆಯನ್ನು ಮತ್ತೊಮ್ಮೆ ತಡಕಾಡಿದಳು.

ಹತ್ತು ಬ್ರಷ್‌ಗಳಲ್ಲಿ ಒಂಬತ್ತು ಮಾತ್ರ ಉಳಿದಿದ್ದವು. ಹೋದದ್ದು ಎಲ್ಲಕ್ಕಿಂತ ಅಗಲವಾದದ್ದು. ಹೆಡ್ವಿಗ್ ಅಜ್ಜಿ ನಲವತ್ತು ವರ್ಷ ಬಳಸಿದ ಬ್ರಷ್. ಅಜ್ಜಿ ಕ್ಯಾನ್ವಾಸ್ ತರಲು ನಾಲ್ಕನೇ ಮಹಡಿಯ ತಮ್ಮ ಮನೆಗೆ ಹೋಗಿದ್ದರು. ಅಷ್ಟರಲ್ಲಿ ಫ್ರಾಂಜಿ ಪೆಟ್ಟಿಗೆಯನ್ನು ಬೀದಿಯಲ್ಲಿ ಗೋಡೆಯ ಪಕ್ಕ ಇಟ್ಟು, ಎದುರಿನ ಅಂಗಡಿಯ ಮರದ ಗೊಂಬೆಗಳನ್ನು ನೋಡಲು ಹೋಗಿದ್ದಳು.

ಸೈಕಲ್‌ಗೆ ಬೀಗ ಹಾಕುತ್ತಿದ್ದ ಹೆಂಗಸು ನಕ್ಕಳು. “ಗೋಡೆ ಪಕ್ಕ ಪೆಟ್ಟಿಗೆ ಇಟ್ರೆ ಬೇಕಾದವ್ರು ತಗೊಳ್ಳಿ ಅಂತ ತಾನೇ? ಈ ಶ್ವಾಬಿಂಗ್ ಬಡಾವಣೇಲಿ ನಮ್ಮನೆ ಅರ್ಧ ಸಾಮಾನು ಹಾಗೇ ಬಂದಿದ್ದು ಕಣಮ್ಮ.”

ಫ್ರಾಂಜಿಯ ಬೀದಿಯಲ್ಲೂ ಅದೇ ರೂಢಿ. ಮರೆತದ್ದು ಅವಳೇ.

ಅವಳು ಯೋಚಿಸಿದಳು. ತೆಗೆದುಕೊಂಡವರಿಗೆ ಅಗಲವಾದದ್ದೇ ಬೇಕಿತ್ತು. ಅಂದರೆ ಅವರು ಈಗಲೇ ಏನಕ್ಕೋ ಬಣ್ಣ ಬಳಿಯುತ್ತಿರಬೇಕು. ಮೂಗೆತ್ತಿ ಗಾಳಿ ಎಳೆದಳು. ಪಕ್ಕದ ಮನೆಯ ಒಳ ಅಂಗಳದಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು.

ಈ ಸಲ ಪೆಟ್ಟಿಗೆಯನ್ನು ಎತ್ತಿಕೊಂಡೇ ಒಳಗೆ ಹೋದಳು. ಅಲ್ಲಿ ಬಿಳಿ ಮೀಸೆಯ ಮುದುಕರೊಬ್ಬರು ಕುರ್ಚಿಗೆ ನೀಲಿ ಪಟ್ಟೆ ಎಳೆಯುತ್ತಿದ್ದರು.

“ತಾತ, ಅದು ನಮ್ಮಜ್ಜಿ ಬ್ರಷ್. ದಾನಕ್ಕೆ ಇಟ್ಟಿದ್ದಲ್ಲ.”

“ಅದಕ್ಕೇನೇ!” ಅವರು ಬ್ರಷ್ ಎತ್ತಿ ತೋರಿಸಿದರು. “ನಾನು ನೇರ ಎಳೆದ್ರೆ ಇದು ಓರೆ ಹೋಗುತ್ತೆ. ಕೂದಲು ನೋಡು, ಒಂದೇ ಕಡೆ ಸವೆದಿದೆ. ನಿಮ್ಮಜ್ಜಿ ಎಡಗೈಲಿ ಬಳೀತಾರಾ?”

“ಹೌದು.”

“ಇಂಥಾ ಬ್ರಷ್ ಬೀದೀಲಿಟ್ಟು ಎಲ್ಲಿ ಹೋಗಿದ್ದೆ? ಪುಣ್ಯ, ಪೆಟ್ಟಿಗೇಲಿ ನೀನು ಕೂತಿರ್ಲಿಲ್ಲ. ನಿನ್ನೂ ಹೊತ್ಕೊಂಡು ಬಂದಿರ್ತಿದ್ದೆ.”

ಅವರು ಬ್ರಷ್ಷನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಸೋಪು ಹಚ್ಚಿ, ನೀರು ತಿಳಿಯಾಗುವವರೆಗೂ ತೊಳೆದರು. ಫ್ರಾಂಜಿ ಕಣ್ಣು ಮಿಟುಕಿಸದೆ ನೋಡಿದಳು. ಕೊನೆಗೆ ಕೂದಲನ್ನು ಬೆರಳಿನಿಂದ ಅದರ ಓರೆಗೇ ತೀಡಿ ಕೊಟ್ಟರು.

ಅವಳು ಓಡಿ ಬಂದಾಗ ಅಜ್ಜಿ ಕ್ಯಾನ್ವಾಸ್ ಹೊತ್ತು, ಮಹಡಿಗೊಮ್ಮೆ ನಿಂತು ದಣಿವಾರಿಸಿಕೊಳ್ಳುತ್ತಾ ಇನ್ನೂ ಮೆಟ್ಟಿಲು ಇಳಿಯುತ್ತಿದ್ದರು. ಬ್ರಷ್ಷನ್ನು ಪೆಟ್ಟಿಗೆಗೆ ಹಾಕಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು.

“ಅಜ್ಜಿ, ಇದನ್ನ ಕಳ್ಕೊಂಡಿದ್ದೆ. ಪಕ್ಕದ ಅಂಗಳದ ತಾತ ತಗೊಂಡು ಹೋಗಿದ್ರು. ನನ್ನದೇ ತಪ್ಪು.”

ಅಜ್ಜಿ ಬ್ರಷ್ಷನ್ನು ಕೈಗೆ ತೆಗೆದುಕೊಂಡರು. ಕೂದಲನ್ನು ಮುಟ್ಟಿ ನೋಡಿದರು. “ನಾನು ತೊಳೆಯೋದಕ್ಕಿಂತ ಚೆನ್ನಾಗಿ ತೊಳೆದಿದ್ದಾನೆ. ಹಿಡ್ಕೊ. ಅಲ್ಲ, ಎಡಗೈಲಿ.”

ಹಿಡಿಯ ಮರದಲ್ಲಿ ಅಜ್ಜಿಯ ಹೆಬ್ಬೆರಳು ಊರುವ ಕಡೆ ಸವೆದು ಒಂದು ಸಣ್ಣ ತಗ್ಗಾಗಿತ್ತು. ಫ್ರಾಂಜಿ ತನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟಳು. ಸುತ್ತಲೂ ಇನ್ನೂ ಜಾಗ ಉಳಿಯಿತು. ಅವಳು ಇನ್ನೊಂದು ಕೈಯನ್ನೂ ಸೇರಿಸಿ, ಬ್ರಷ್ಷನ್ನು ಮೆಲ್ಲಗೆ ಹಿಡಿದುಕೊಂಡಳು.