"ಆಹಾ" ಎನ್ನದ ಬೊಮ್ಮಕ್ಕ

ಕಡಲು ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ಅಲೆಗೇರಿ ಎಂಬ ರಾಜ್ಯದಲ್ಲಿ ಬೊಮ್ಮಕ್ಕ ಎಂಬವಳಿದ್ದಳು. ಗೋಣಿಚೀಲ ಹೊಲಿಯುತ್ತ ಹೊಲಿಯುತ್ತ ಹಡಗಿನ ಹಾಯಿ ಹೊಲಿಯುವಷ್ಟು ಬೆಳೆದವಳು. ಯಾರು ಏನು ತೋರಿಸಿದರೂ ಮೊದಲು ತಿರುಗಿಸಿ ಹಿಂಬದಿ ನೋಡುವುದು ಅವಳ ಗುಣ. ಅವಳ ತಂಗಿ ಕೆಂಚಿ ಹಾಯಿ ಮಾರಲು ಕಡಲಾಚೆಯ ಸ್ಫಟಿಕಪುರಕ್ಕೆ ಹೋದವಳು ಮರಳಲೇ ಇಲ್ಲ. ಬೊಮ್ಮಕ್ಕ ಹಡಗು ಹತ್ತಿದಳು.

ಸ್ಫಟಿಕಪುರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ: ಮಿಂಚುಳ್ಳನೆಂಬ ಮಾಯಗಾರನ ಚಿನ್ನದ ಮೀನಿನ ಪ್ರದರ್ಶನ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದ ನೂಕುನುಗ್ಗಲು. ಹೊರಗೆ ಬಿಟ್ಟ ಚಪ್ಪಲಿಗಳ ಗುಡ್ಡೆ. ಅದರ ಅಡಿಯಲ್ಲಿ ಕೆಂಚಿಯ ಕೆಂಪು ಚಪ್ಪಲಿ, ಧೂಳು ಹಿಡಿದು.

"ಇಷ್ಟೊಂದು ಜನ ಬರಿಗಾಲಲ್ಲೇ ಮನೆಗೆ ಹೋದರೇನಪ್ಪಾ?" ಎಂದು ಬೊಮ್ಮಕ್ಕ ಕಾವಲುಗಾರನನ್ನು ಕೇಳಿದಳು.

"ಮೈಮರೆತು ಹೋಗಿರ್ತಾರೆ, ತಾಯಿ. ಒಳಗೆ ನಡೀರಿ."

ಬೊಮ್ಮಕ್ಕ ತನ್ನ ಚಪ್ಪಲಿ ಅಲ್ಲಿ ಬಿಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು.

ಮೊದಲ ಕೋಣೆಯಲ್ಲಿ ಗಾಜಿನ ಗುಡಾಣಗಳು, ಒಳಗೆ ಕೆಂಡದ ಕಿಡಿಯಂಥ ಮೀನುಗಳು. ಅವಳ ಮುಂದಿದ್ದ ಬೊಕ್ಕತಲೆಯವನು "ಆಹಾ!" ಎಂದ. ಎಂದವನು ಇಲ್ಲ! ಗುಡಾಣದಲ್ಲಿ ಒಂದು ಮೀನು ಹೆಚ್ಚಾಯಿತು. ಹಿಂದಿನವರು ನುಗ್ಗಿ ಆ ಜಾಗ ತುಂಬಿದರು, ಯಾರಿಗೂ ತಿಳಿಯಲಿಲ್ಲ. ಮೀನುಗಳೆಲ್ಲ ಬಾಯಿ ತೆರೆದು ಮುಚ್ಚಿ, ಅದೇ ಮಾತನ್ನು ಸದ್ದಿಲ್ಲದೆ ಹೇಳುತ್ತಿದ್ದವು. ಬೊಮ್ಮಕ್ಕ ತುಟಿ ಬಿಗಿದಳು.

ಮಿಂಚುಳ್ಳ ಪಕ್ಕಕ್ಕೆ ಬಂದ. "ಹೇಗಿದೆ, ಪರದೇಶದಮ್ಮ?"

"ಬಾಲ ಸೊಟ್ಟ."

ಎರಡನೆಯ ಕೋಣೆಯಲ್ಲಿ ಚಾವಣಿಯೇ ಕೊಳ. ಮೀನುಗಳು ತಲೆಯ ಮೇಲೆ ಸಂಜೆಯ ಮೋಡದಂತೆ ತೇಲುತ್ತಿದ್ದವು. ಬೊಮ್ಮಕ್ಕ ಕತ್ತೆತ್ತಿ ನೋಡುತ್ತಲೇ ನಿಂತಳು.

"ಈಗ ಹೇಳು, ಹೇಗಿದೆ?"

"ಕತ್ತು ನೋಯುತ್ತೆ."

ಮೂರನೆಯ ಕೋಣೆಯಲ್ಲಿ ಒಂದೇ ಮೀನು. ಗದ್ದದಲ್ಲಿ ಕರಿ ಮಚ್ಚೆ, ಕೆಂಚಿಯದೇ ಮಚ್ಚೆ. ಬೊಮ್ಮಕ್ಕನ ಬಾಯಿ ತಾನಾಗಿ ತೆರೆಯಿತು. ರಕ್ತ ಬರುವಂತೆ ನಾಲಿಗೆ ಕಚ್ಚಿಕೊಂಡಳು.

"ಇದರಲ್ಲೂ ಕೊರತೆ ಹುಡುಕು ನೋಡೋಣ!" ಎಂದು ಮಿಂಚುಳ್ಳ ಕಿರುಚಿದ.

"ಕೊರತೆ ಮೀನಿನದಲ್ಲ ಕಣಯ್ಯ, ನಿನ್ನದು. ಇಷ್ಟು ಜನರ ಕಣ್ಣು ಬಿದ್ದಿದೆ. ಒಮ್ಮೆಯಾದರೂ ದೃಷ್ಟಿ ತೆಗೆದೆಯಾ?"

ಅವಳು ಗಾಜಿನ ಮೇಲೆ ಎರಡೂ ಕೈ ನಿವಾಳಿಸಿದಳು. "ಹೋದವರ ಕಣ್ಣು, ಬಂದವರ ಕಣ್ಣು, ಈ ಮಾಯಗಾರನ ಕೆಟ್ಟ ಕಣ್ಣು, ಥೂ, ಥೂ, ಥೂ!" ಎಂದು ಹಣೆಗೆ ಬೆರಳೊತ್ತಿ ನೆಟಿಗೆ ಮುರಿದಳು. ಗಾಜು ಬಿರಿಯಿತು. ಒದ್ದೆ ಸೀರೆಯಲ್ಲಿ ಕೆಂಚಿ ನಿಂತಿದ್ದಳು.

ಅಂಥ ವಿದ್ಯೆಯನ್ನು ಮಿಂಚುಳ್ಳ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಆಹಾ!" ಎಂದುಬಿಟ್ಟ.

ನೆಲದ ಮೇಲೆ ಒಂದು ಬಡಕಲು ಮೀನು ಪಟಪಟ ಒದ್ದಾಡಿತು. ಮಾಯಗಾರ ಮೀನಾದೊಡನೆ ಎಲ್ಲ ಗುಡಾಣಗಳೂ ಒಡೆದು, ಮೀನುಗಳೆಲ್ಲ ಮತ್ತೆ ಮನುಷ್ಯರಾದರು. ಬೊಮ್ಮಕ್ಕ ಅವನನ್ನು ಚೊಂಬಿನ ನೀರಿಗೆ ಹಾಕಿ ಕಾವಲುಗಾರನ ಕೈಗಿತ್ತಳು. "ಸಾಕಿಕೋ. ಯಾರೂ ಹೊಗಳದ ಹಾಗೆ ನೋಡಿಕೋ."

ಸ್ಫಟಿಕಪುರದ ಮನೆಮನೆಗೂ ಕಳೆದುಹೋದವರು ಮರಳಿದರು, ಆರಿದ ಒಲೆಗಳು ಹೊತ್ತಿದವು. ಅಕ್ಕತಂಗಿಯರೂ ಊರು ಸೇರಿ, ಉಂಡುಟ್ಟು ಸುಖವಾಗಿ ಬಾಳಿದರು.

ಹಡಗಿನಲ್ಲಿ ಬರುವಾಗ ಕೆಂಚಿ ಕೇಳಿದ್ದಳು: "ಅಕ್ಕಾ, ಅಷ್ಟೆಲ್ಲ ನೋಡಿಯೂ ನಿನಗೆ ಒಂದೂ ಹಿಡಿಸಲಿಲ್ಲವಾ?"

ಬೊಮ್ಮಕ್ಕ ಆ ದಡ ಪೂರ್ತಿ ಮರೆಯಾಗುವವರೆಗೆ ಕಾದಳು.

"ಎರಡನೆಯ ಕೋಣೆ ಚೆನ್ನಾಗಿತ್ತು ಕಣೇ," ಎಂದಳು.