ಏಳು ಎಸಳಿನ ಹೂವು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೀತಿಯ ಕಥೆ ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಅದೂ ಕಥೆಯವರು ಎದುರು ಮನೆಯಲ್ಲೇ ಇರುವಾಗ... ಒಂದು ಮಾತು ಹೆಚ್ಚುಕಮ್ಮಿಯಾದರೆ ನಾಳೆ ಬೆಳಿಗ್ಗೆ ಅವರಿಗೆ ಮುಖ ತೋರಿಸಬೇಕಲ್ಲ. ಆದರೆ ಕುಂಥಿಯಾ ತಾನೇ ಹೇಳಿದಳು, “ಬರೀರಿ. ಆದ್ರೆ ನನ್ನ ಹೊಟ್ಟೆಕಿಚ್ಚನ್ನ ಕಮ್ಮಿ ಮಾಡಿ ಬರೀಬೇಡಿ” ಅಂತ. ಹಾಗಾಗಿ ನನಗೆ ತಿಳಿದಷ್ಟನ್ನು ತಿಳಿದ ಹಾಗೆ ಹೇಳುತ್ತೇನೆ.

“ಕೈ ತೆಗೀರಿ.”

ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಕಂಬಗಳ ಮೇಲೆ ನಿಂತ ಮನೆ. ಮನೆಯ ಕೆಳಗಿನ ನೆರಳಲ್ಲಿ ಮಗ್ಗ. ಮಗ್ಗದ ಮೇಲೆ ಅರ್ಧ ನೇಯ್ದ ಅರಗುಗೆಂಪಿನ ರೇಷ್ಮೆ. ಆ ರೇಷ್ಮೆಯ ಮೇಲೆ ಯಾರೋ ಅಪರಿಚಿತನ ಬೂದುಬಣ್ಣದ ಅಂಗೈ!

ಅವನು ಬೆಚ್ಚಿ ಕೈ ಎಳೆದುಕೊಂಡ. ಬೆರಳಿನ ಒರಟಿಗೆ ಸಿಕ್ಕಿದ ಒಂದು ಎಳೆ ಅವನ ಜೊತೆಗೇ ಎದ್ದು ಬಂತು.

“ಅಲುಗಾಡಬೇಡಿ. ಉಸಿರೂ ಬಿಡಬೇಡಿ.”

ಕುಂಥಿಯಾ ಬಗ್ಗಿ, ಉಗುರಿನ ತುದಿಯಿಂದ ಆ ಎಳೆಯನ್ನು ಬಿಡಿಸತೊಡಗಿದಳು. ಅವನ ಬೆರಳಿಗೆ ಕಲ್ಲಿನ ವಾಸನೆ ಇತ್ತು... ಬಿಸಿಲಿಗೆ ಕಾದ ಬಂಡೆಯ ಮೇಲೆ ನೀರು ಚೆಲ್ಲಿದಾಗ ಬರುವಂಥದ್ದು. ಅವನು ನಿಜವಾಗಿಯೂ ಉಸಿರು ಹಿಡಿದು ನಿಂತಿದ್ದ.

“ಏನು ಕೈ ಇದು? ಮೊಸಳೆ ಚರ್ಮ.”

“ಕಲ್ಲು ಕೆತ್ತೋ ಕೈ.”

“ಹಾಗಾದ್ರೆ ಹೋಗಿ ಕಲ್ಲನ್ನೇ ಮುಟ್ಟಿ.”

ಹಗ್ಗದ ತೂಗುಮಂಚದಲ್ಲಿ ಮಲಗಿದ್ದ ಸಾವೂನ್ ಅಜ್ಜಿ ಎಲೆಯಡಿಕೆಯ ಕೆಂಪು ಬಾಯಿ ಬಿಟ್ಟು ನಕ್ಕಳು. “ಬಂದವನ ಹೆಸರಾದ್ರೂ ಕೇಳೇ. ಆಮೇಲೆ ಓಡಿಸು.”

ಅವನ ಹೆಸರು ಫಿರುಣ್. ಹೆದ್ದಾರಿ ಪಕ್ಕದ ಕಲ್ಲುಕುಟಿಗರ ಊರಿನವನು. ಹನ್ನೆರಡು ವರ್ಷದಿಂದ ಚೂನ್ ಅಜ್ಜನ ಹತ್ತಿರ ಕೆಲಸ ಕಲಿಯುತ್ತಿದ್ದ. ಆಳೆತ್ತರದ ದೇವತೆಯೊಬ್ಬಳನ್ನು ಕಲ್ಲಿನಲ್ಲಿ ಕೆತ್ತುವ ಕೆಲಸ ಬಂದಿತ್ತು. ಅವಳು ಸೊಂಟಕ್ಕೆ ಸುತ್ತಿದ ಸಂಪೊತ್ ಉಡುಗೆಯನ್ನು ಗುರುಗಳು ಮೊದಲ ಸಲ ಇವನ ಕೈಗೆ ಬಿಟ್ಟಿದ್ದರು.

“ಎಲ್ಲರೂ ಒಂದೇ ಹೂವನ್ನ ಅಚ್ಚು ಹಾಕಿದ ಹಾಗೆ ಕೆತ್ತುತ್ತಾರೆ ಅಜ್ಜಿ,” ಅಂದ. “ನನಗೆ ನಿಜವಾದ ಸಂಪೊತ್ ಕೆತ್ತಬೇಕು. ಸೊಂಟಕ್ಕೆ ಉಟ್ಟರೆ ಎಲ್ಲಿ ಮಡಿಕೆ ಬೀಳುತ್ತೆ, ಮಡಿಕೆಯೊಳಗೆ ಹೂವು ಹೇಗೆ ಮುರಿಯುತ್ತೆ... ಅದನ್ನ ನೋಡಬೇಕು.”

“ನೋಡು. ಯಾರು ಬೇಡ ಅಂದ್ರು?”

“ಮುಟ್ಟಬಾರದು,” ಅಂದಳು ಕುಂಥಿಯಾ.

ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಅವತ್ತಿನಿಂದ ವಾರಕ್ಕೆ ಎರಡು ಸಲ ಬಂದ. ಪ್ರತಿ ಸಲವೂ ಹಾಗೇ, ಕೈ ಹಿಂದೆ ಕಟ್ಟಿಕೊಂಡು ಮಗ್ಗದ ಪಕ್ಕ ನಿಲ್ಲುತ್ತಿದ್ದ. ಬಿದಿರಿನ ಕೊಳವೆಯಲ್ಲಿ ಸುಟ್ಟ ಅಂಟಕ್ಕಿ ಅನ್ನ ತಂದರೆ ಅಜ್ಜಿಯ ಪಕ್ಕ ಇಟ್ಟು ಸುಮ್ಮನಾಗುತ್ತಿದ್ದ. ಅಜ್ಜಿಗೆ ಹಲ್ಲೇ ಇರಲಿಲ್ಲ. ಅನ್ನ ಯಾರಿಗೆ ಎನ್ನುವುದು ಅಜ್ಜಿಗೂ ಗೊತ್ತಿತ್ತು.

ಮೋಟಾರು ಬೈಕಿನ ಸದ್ದಿಗೆ ಕುಂಥಿಯಾಳ ಲಾಳಿ ನಿಲ್ಲತೊಡಗಿತು. ‘ಬರದಿದ್ದರೆ ಏನಂತೆ’ ಎಂದುಕೊಳ್ಳುತ್ತಲೇ ಅವಳು ಕೂದಲು ತಿದ್ದಿಕೊಳ್ಳುತ್ತಿದ್ದಳು.

ಆಮೇಲೆ ಒಂದು ದಿನ ಬೈಕಿನ ಮೇಲೆ ಇಬ್ಬರು ಬಂದರು.

ಅವತ್ತು ಕುಂಥಿಯಾ ಗಂಟು ಕಟ್ಟುತ್ತಿದ್ದಳು. ಈ ಕೆಲಸವನ್ನು ನಾನು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ... ನೇಯುವುದಕ್ಕೆ ಮೊದಲೇ ಹೊಕ್ಕಿನ ಎಳೆಗಳನ್ನು ಚೌಕಟ್ಟಿಗೆ ಬಿಗಿದು, ಹೂವು ಬರಬೇಕಾದ ಕಡೆಯಲ್ಲೆಲ್ಲ ನಾರಿನಿಂದ ಗಂಟು ಹಾಕುತ್ತಾರೆ. ಕಟ್ಟಿದ ಕಡೆ ಬಣ್ಣ ಹತ್ತುವುದಿಲ್ಲ, ಬಿಟ್ಟ ಕಡೆ ಹತ್ತುತ್ತದೆ. ಸಾವಿರಾರು ಗಂಟು, ಎಲ್ಲಾ ನೆನಪಿನಿಂದಲೇ. ಒಂದು ಬಿಟ್ಟರೂ ಅವತ್ತು ಕಾಣುವುದಿಲ್ಲ. ತಿಂಗಳುಗಳ ಮೇಲೆ, ಮಗ್ಗದ ಮೇಲೆ ಕಾಣುತ್ತದೆ. ಒಂದೊಂದು ಗಂಟೂ ಹಲವು ಎಳೆಗಳನ್ನು ಒಟ್ಟಿಗೆ ಹಿಡಿಯುವುದರಿಂದ, ಬಟ್ಟೆಯುದ್ದಕ್ಕೂ ಮತ್ತೆ ಮತ್ತೆ ಕಾಣುತ್ತದೆ.

“ಏಯ್ ಫಿರುಣ್, ಕಿವಿ ತುಂಬಾ ಕಲ್ಲಿನ ಪುಡಿ. ಬಾ ಇಲ್ಲಿ.”

ಹಿಂದೆ ಕೂತಿದ್ದ ಹುಡುಗಿ ಇಳಿದವಳೇ ತನ್ನ ಕೊರಳಿನ ಚೌಕುಳಿ ವಸ್ತ್ರ ಬಿಚ್ಚಿ ಅವನ ಕಿವಿ ಒರೆಸಿದಳು. ಅವನು ಎಮ್ಮೆಕರುವಿನ ಹಾಗೆ ತಲೆ ಕೊಟ್ಟು ನಿಂತ.

“ಇವಳು ಸೊರಿಯಾ,” ಅಂದ. “ನಮ್ಮ ಕೆಲಸದ ಜಾಗದ ಎದುರು ಶಾವಿಗೆ ಅಂಗಡಿ ಇಟ್ಟಿದ್ದಾಳೆ.”

ಸೊರಿಯಾಗೆ ಅಗಲ ಹಣೆ, ತುಂಬಿದ ತುಟಿ, ನಗದೇ ಇದ್ದರೂ ನಗುವಂಥ ಬಾಯಿ. ಅವಳು ಅವನನ್ನು ‘ನೀನು’ ಎಂದಳು, ಬೆನ್ನಿಗೆ ಗುದ್ದಿದಳು, ಅವನ ಜೇಬಿಗೆ ಕೈ ಹಾಕಿ ಬೈಕಿನ ಕೀ ತೆಗೆದುಕೊಂಡಳು.

‘ನಾನು ಎರಡು ತಿಂಗಳಿಂದ ನೀವು ನೀವು ಅಂತಿದ್ದೀನಿ... ಇವಳು ಜೇಬಿಗೇ ಕೈ ಹಾಕ್ತಾಳೆ.’

ಕುಂಥಿಯಾಳ ಕಣ್ಣು ಎದ್ದು ಅವನ ಮೇಲೆಯೇ ನಿಂತಿತು. ಬೆರಳು ಮಾತ್ರ ಓಡುತ್ತಲೇ ಇತ್ತು. ಗಂಟು, ಗಂಟು, ಗಂಟು...

ಮೂರು ತಿಂಗಳ ಮೇಲೆ ಆ ಎಳೆಗಳು ಮಗ್ಗಕ್ಕೆ ಬಂದವು. ಮೊದಲ ಗೇಣು ಮುಗಿಯುವ ಹೊತ್ತಿಗೆ ಅವಳು ಲಾಳಿ ನಿಲ್ಲಿಸಿ ಎಣಿಸಿದಳು. ಎಂಟೆಸಳಿನ ಹೂಗಳ ನಡುವೆ ಒಂದಕ್ಕೆ ಏಳೇ ಎಸಳು. ಎರಡನೆಯ ಗೇಣಿನಲ್ಲೂ ಅದೇ ಜಾಗದಲ್ಲಿ ಅದೇ ಏಳು. ಕೊನೆಯ ತನಕವೂ ಹಾಗೇ.

ಅಜ್ಜಿ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. “ಕಟ್ಟುವಾಗ ಯಾರ ಮೇಲೆ ಕೋಪ ಇತ್ತೇ?”

“ಯಾರ ಮೇಲೂ ಇಲ್ಲ.”

“ರೇಷ್ಮೆ ಬೇರೆ ಹೇಳ್ತಿದೆಯಲ್ಲ.”

ಆ ಬಟ್ಟೆಯನ್ನು ವ್ಯಾಪಾರಿಗೆ ಕೊಡುವಂತಿರಲಿಲ್ಲ. ಫಿರುಣ್ ಮಾದರಿಗೆ ಒಂದು ಸಂಪೊತ್ ಬೇಕೆಂದಾಗ ಅದನ್ನೇ ಕೊಟ್ಟಳು. ‘ಕಲ್ಲು ಕುಟ್ಟುವವನಿಗೆ ಏಳೋ ಎಂಟೋ ಏನು ಗೊತ್ತಾಗುತ್ತೆ?’ ಅವನು ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು ಬಂದಿದ್ದ. ಆದರೂ ಕೈಗೆ ತೆಗೆದುಕೊಳ್ಳಲಿಲ್ಲ. ಒಗೆದ ವಸ್ತ್ರವೊಂದನ್ನು ಚಾಚಿ ಹಿಡಿದ, ಅವಳು ಅದರ ಮೇಲಿಟ್ಟಳು.

ಅದೇ ವಾರ ಥೋನ್ ಅತ್ತೆ ಬಂದಳು. ಸುತ್ತಲಿನ ಹತ್ತು ಊರಿನ ಮದುವೆ ಕುದುರಿಸುವವಳು. ಸಿಸೊಫೊನ್ ಪಟ್ಟಣದ ಶಾಲೆಯ ಮೇಷ್ಟ್ರ ಕಡೆಯಿಂದ ಮಾತು ತಂದಿದ್ದಳು. ಒಳ್ಳೆಯ ಹುಡುಗ, ಕುಡಿಯುವುದಿಲ್ಲ, ಅಮ್ಮನ ಮಾತು ಕೇಳುತ್ತಾನೆ. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಮಧ್ಯಾಹ್ನಕ್ಕೆ ಉತ್ತರ ಬೇಕು.

“ನಿನಗೆ ಬೇರೆ ಯಾರ ದಾರಿಯಾದ್ರೂ ಕಾಯೋದಿದ್ರೆ ಈಗ್ಲೇ ಹೇಳು,” ಅಂದಳು ಅಜ್ಜಿ. “ಆಮೇಲೆ ಮಗ್ಗದ ಮೇಲೆ ಅತ್ರೆ ನಾನು ಕೇಳೋಳಲ್ಲ.”

ಕುಂಥಿಯಾ ಹೇಳಲಿಲ್ಲ. ಹೇಳುವುದಕ್ಕೆ ಅವನು ಏನಾದರೂ ಅಂದಿರಬೇಕಲ್ಲ? ಮರುದಿನ ಸೈಕಲ್ ಹತ್ತಿ ಕಲ್ಲುಕುಟಿಗರ ಊರಿಗೆ ಹೊರಟಳು. ದೇವತೆ ಎಷ್ಟಾಗಿದೆ ನೋಡುವ ನೆಪ ಇತ್ತು.

ತಗಡಿನ ಸೂರಿನಡಿ, ಉಳಿಯ ಸದ್ದು ಮತ್ತು ಬಿಳಿ ಧೂಳಿನ ನಡುವೆ, ಅವಳು ನಿಂತಿದ್ದಳು. ಮರಳುಗಲ್ಲಿನ ದೇವತೆ. ಸೊಂಟದಿಂದ ಕೆಳಗೆ ಬರೀ ಇದ್ದಿಲಿನ ಗೆರೆ. ಮೇಲೆ ಎಲ್ಲಾ ಮುಗಿದಿತ್ತು.

ಅಗಲ ಹಣೆ. ತುಂಬಿದ ತುಟಿ. ನಗದೇ ಇದ್ದರೂ ನಗುವಂಥ ಬಾಯಿ.

ಸೊರಿಯಾ...

ಕಲ್ಲಿನ ಮೇಲೂ ಹೊಟ್ಟೆಕಿಚ್ಚು ಬರುತ್ತದೆಂದು ಕುಂಥಿಯಾಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಅವನು ಆ ತುಟಿಯ ಹತ್ತಿರ ಎಷ್ಟು ದಿನ ಉಸಿರು ಹಿಡಿದು ನಿಂತಿರಬಹುದು? ಆ ಕೆನ್ನೆಯನ್ನು ಎಷ್ಟು ಸಲ ಸವರಿರಬಹುದು? ಮುಂದೆ ತಾನು ನೇಯ್ದದ್ದನ್ನೇ ಅವಳಿಗೆ ಉಡಿಸುತ್ತಾನೆ. ಇವರೆಲ್ಲ ಸತ್ತು ಮಣ್ಣಾದ ಮೇಲೂ ಅವಳು ಅದನ್ನು ಉಟ್ಟು ನಿಂತಿರುತ್ತಾಳೆ.

“ನನ್ನ ಬಟ್ಟೆ ಕೊಡಿ.”

ಫಿರುಣ್ ಉಳಿ ಕೆಳಗಿಟ್ಟ. “ಇನ್ನೂ ಶುರುವೇ ಮಾಡಿಲ್ಲ...”

“ಅದಕ್ಕೇ ಕೇಳ್ತಿರೋದು. ನನ್ನ ಬಟ್ಟೆ ಅವಳ ಮೈಮೇಲೆ ಬೇಡ.”

“ಯಾರ ಮೈಮೇಲೆ?”

“ನಾನೇ ಹೆಸರು ಹೇಳ್ಬೇಕಾ? ಕೆತ್ತಿದವರಿಗೆ ಗೊತ್ತಿಲ್ವಾ?”

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಆದರೆ ಅವನೊಳಗೂ ಒಂದು ಮುಳ್ಳು ಇತ್ತು. ಥೋನ್ ಅತ್ತೆ ಸೊರಿಯಾಳ ಅಂಗಡಿಯಲ್ಲೇ ಶಾವಿಗೆ ತಿಂದು, ಅಲ್ಲೇ ಎಲ್ಲಾ ಹೇಳಿ ಹೋಗಿದ್ದಳು.

“ಓಹೋ,” ಅಂದ ಮೆಲ್ಲಗೆ. “ಮೇಷ್ಟ್ರ ಮನೆಗೆ ಉಟ್ಕೊಂಡು ಹೋಗೋಕೆ ಬೇಕಾಗಿರ್ಬೇಕು.”

“ಹೌದು. ಮೇಷ್ಟ್ರಿಗೆ ಕೈ ಮೆತ್ತಗಿದೆಯಂತೆ.”

ಅವನ ಮುಖ ಬಿಳಿಚಿತು. ವಸ್ತ್ರದಲ್ಲಿ ಸುತ್ತಿದ್ದ ಸಂಪೊತ್ ತಂದು, ಅವಳ ಸೈಕಲ್ಲಿನ ಬುಟ್ಟಿಯಲ್ಲಿಟ್ಟ. ಆಗಲೂ ಬಟ್ಟೆಗೆ ಅವನ ಬೆರಳು ತಾಗಲಿಲ್ಲ.

ದಾರಿಯುದ್ದಕ್ಕೂ ಕುಂಥಿಯಾ ಅತ್ತಳು. ಮನೆಗೆ ಬಂದು, “ಮೇಷ್ಟ್ರಿಗೆ ಹೂಂ ಅಂತ ಹೇಳಿ ಅಜ್ಜಿ” ಅಂದಳು.

“ಭಾನುವಾರ ನೀನೇ ಹೇಳು. ಸುಳ್ಳನ್ನ ನನ್ನ ಬಾಯಲ್ಲಿ ಹೇಳಿಸಬೇಡ.”

ಆ ಭಾನುವಾರ ಬೆಳಿಗ್ಗೆ ಬೈಕಿನ ಸದ್ದಿಗೆ ಕುಂಥಿಯಾ ಓಡಿ ಬಂದಳು. ಬಂದವಳು ಸೊರಿಯಾ, ಒಬ್ಬಳೇ.

“ಏನಮ್ಮಾ ತಾಯಿ, ಏನು ಮಂತ್ರ ಹಾಕಿದ್ದೀಯ ಅವನಿಗೆ?” ಅಂದಳು ಇಳಿಯದೆಯೇ. “ಹನ್ನೊಂದು ದಿನದಿಂದ ಒಂದು ಮಾತಿಲ್ಲ. ನನ್ನ ಶಾವಿಗೆಯಲ್ಲಿ ಉಪ್ಪಿಲ್ಲ ಅಂತ ಬೈಯೋದೂ ಇಲ್ಲ. ಮಧ್ಯಾಹ್ನ ಲಾರಿ ಬರುತ್ತೆ, ದೇವತೆ ಹೋಗ್ತಾಳೆ. ನೋಡೋದಿದ್ರೆ ಹತ್ತು.”

“ನಾನ್ಯಾಕೆ ನೋಡ್ಲಿ? ನಿನ್ನ ಮುಖ ಇಲ್ಲೇ ಕಾಣ್ತಿದೆಯಲ್ಲ.”

ನಗು ಒತ್ತರಿಸಿ ಬಂದು ಸೊರಿಯಾ ಹ್ಯಾಂಡಲ್ ಮೇಲೆ ತಲೆಯಿಟ್ಟಳು. “ಅಯ್ಯೋ ದೇವರೇ... ಇದಕ್ಕಾ? ಹತ್ತೇ. ಮೊದಲು ಹತ್ತು.”

ಕುಂಥಿಯಾ ಅಜ್ಜಿಯ ಕಡೆ ನೋಡಿದಳು. “ಹೋಗ್ಬಾ,” ಅಂದಳು ಅಜ್ಜಿ. “ಥೋನ್ ಬಂದ್ರೆ ಎಲೆಯಡಿಕೆ ಕೊಟ್ಟು ಕೂರಿಸ್ತೀನಿ.”

ತಗಡಿನ ಸೂರಿನಡಿ ಸೊರಿಯಾ ಅವಳ ಭುಜ ಹಿಡಿದು ತಿರುಗಿಸಿದಳು. “ಅವತ್ತು ಒಂದನ್ನೇ ನೋಡಿದೆ. ಈಗ ಎಲ್ಲಾ ನೋಡು.”

ಗೋಡೆಯುದ್ದಕ್ಕೂ ದೇವತೆಗಳು. ಸಣ್ಣವು, ದೊಡ್ಡವು, ಪಾಚಿ ಹಿಡಿದವು, ಮೂಗು ಮುರಿದವು. ಎಲ್ಲದಕ್ಕೂ ಅದೇ ಅಗಲ ಹಣೆ, ಅದೇ ತುಟಿ.

“ನಾನು ಹುಟ್ಟೋಕೆ ಎಷ್ಟೋ ಮುಂಚಿನಿಂದ ಈ ಮುಖ ಇಲ್ಲಿದೆ. ನಮ್ಮ ಅಜ್ಜಿದು, ಚೂನ್ ತಾತನ ಹೆಂಡತಿದು. ನನಗೆ ಬಂದಿರೋದು ಸಾಲದ ಮುಖ ಅಷ್ಟೇ.”

ಮೂಲೆಯಲ್ಲಿ ಉಳಿ ಮಸೆಯುತ್ತಿದ್ದ ಚೂನ್ ಅಜ್ಜ ತಲೆಯೆತ್ತಲಿಲ್ಲ. “ಜನರನ್ನ ಹಿಡಿಹಿಡಿದು ಕೊಲ್ತಿದ್ದ ಆ ಕೆಟ್ಟ ಕಾಲದಲ್ಲಿ ಹೋದಳು,” ಅಂದ. “ಒಂದು ಫೋಟೋನೂ ಉಳೀಲಿಲ್ಲ. ಮರೆತುಹೋದ್ರೆ ಅಂತ ಕೆತ್ತೋಕೆ ಶುರು ಮಾಡಿದೆ. ಈಗ್ಲೂ ಮುಖ ನಾನೇ ಕೆತ್ತೋದು. ಬೇರೆಯವರಿಗೆ ಕೊಡಲ್ಲ. ಇವನಿಗೆ ಕೊಟ್ಟಿದ್ದು ಬಟ್ಟೆ ಮಾತ್ರ. ಅದನ್ನ ನೋಡು ಮಗಳೇ. ನೋಡ್ಬೇಕಾದ್ದನ್ನ ಬಿಟ್ಟು ಬೇರೆಲ್ಲಾ ನೋಡ್ತೀಯ.”

ಕುಂಥಿಯಾ ಮೆಲ್ಲಗೆ ದೇವತೆಯ ಹತ್ತಿರ ಹೋಗಿ ಮೊಣಕಾಲೂರಿದಳು.

ಕಲ್ಲು ರೇಷ್ಮೆಯಾಗಿತ್ತು. ಸೊಂಟದ ಹತ್ತಿರ ಮಡಿಕೆ, ಮಡಿಕೆಯೊಳಗೆ ಅರ್ಧ ಅಡಗಿದ ಹೂವು. ಬಟ್ಟೆ ಹತ್ತಿರ ಇಲ್ಲದೆ, ಬರೀ ನೆನಪಿನಿಂದ! ಅವಳು ಬೆರಳಿಟ್ಟು ಎಣಿಸಿದಳು. ಎಂಟು. ಎಂಟು. ಎಂಟು.

ಏಳು.

ಬೆರಳು ನಿಂತಿತು. ಒಂದು ಗೇಣು ಕೆಳಗೆ ಅದೇ ಜಾಗದಲ್ಲಿ ಹುಡುಕಿದಳು. ಏಳು. ಅದರ ಕೆಳಗೂ ಏಳು.

“ಇದು ತಪ್ಪು,” ಅಂದಳು. “ತಪ್ಪನ್ನ ಯಾಕೆ ಕೆತ್ತಿದ್ರಿ?”

ಫಿರುಣ್ ಯಾವಾಗ ಹಿಂದೆ ಬಂದು ನಿಂತನೋ ಅವಳು ನೋಡಿರಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಅದು ತಪ್ಪು ಅಂತ ಗೊತ್ತು. ನೀವು ಗಂಟು ಬಿಟ್ಟಾಗ ನಾನು ಅಲ್ಲೇ ಇದ್ದೆ.”

“ನೋಡಿದ್ರಾ? ಮತ್ತೆ ಹೇಳ್ಲಿಲ್ಲ?”

“ಎರಡು ತಿಂಗಳು ನಿಮ್ಮ ಎಳೆ, ಗಂಟು, ಹೂವು ಎಲ್ಲಾ ಎಣಿಸ್ಕೊಂಡೇ ನಿಂತಿದ್ದೆ. ನೀವು ಒಂದು ಸಲವೂ ಕಣ್ಣೆತ್ತಿರಲಿಲ್ಲ. ಅವತ್ತು ಮಾತ್ರ ಎತ್ತಿದ್ರಿ... ನೀವು ಗಂಟಿನ ಕಡೆ ನೋಡ್ತಿರಲಿಲ್ಲ. ನನ್ನ ಕಡೆ ನೋಡ್ತಿದ್ರಿ. ಹೇಳಿದ್ರೆ ನೀವು ಅದನ್ನ ಕಟ್ಟಿಬಿಡ್ತಿದ್ರಿ. ಆಮೇಲೆ ಅದು ಇರ್ತಾನೇ ಇರಲಿಲ್ಲ.”

ಹೊರಗೆ ಲಾರಿ ಬಂದು ನಿಂತ ಸದ್ದಾಯಿತು.

“ಉಳಿದ ಹೂವು ಯಾರು ಬೇಕಾದ್ರೂ ಕಟ್ತಾರೆ,” ಅಂದ ಅವನು. “ಆ ಒಂದು ಹೂವು ನನಗೆ ಅಂತ ಅಂದ್ಕೊಂಡಿದ್ದೆ. ಮೇಷ್ಟ್ರ ವಿಷಯ ಕೇಳಿದ ಮೇಲೂ... ಕಲ್ಲಿನಲ್ಲಾದ್ರೂ ಇರಲಿ ಅಂತ.”

“ಮನೇಲಿ ಥೋನ್ ಅತ್ತೆ ಬರೋ ಹೊತ್ತಾಯ್ತು,” ಅಂದಳು ಕುಂಥಿಯಾ, ಕಣ್ಣೊರೆಸಿಕೊಳ್ಳುತ್ತಾ. “ಉತ್ತರ ಕೇಳ್ತಾಳೆ. ನಿಮ್ಮ ಕಡೆಯಿಂದ ಮಾತಾಡೋಕೆ ಯಾರೂ ಇಲ್ವಾ?”

ಅವನು ಗುರುಗಳ ಕಡೆ ತಿರುಗುವ ಮೊದಲೇ ಚೂನ್ ಅಜ್ಜ ಎದ್ದಿದ್ದ. “ಸೊರಿಯಾ, ನನ್ನ ಬಿಳಿ ಅಂಗಿ ಎಲ್ಲೇ?”

“ಒಗೆದಿಟ್ಟು ಎಂಟು ದಿನ ಆಯ್ತು ತಾತ. ನಿಮ್ಮ ಈ ಶಿಷ್ಯನಿಗೆ ಬಾಯಿ ಬರೋದೇ ಕಾಯ್ತಿದ್ದೆ.” ಇಬ್ಬರನ್ನೂ ಬಿಟ್ಟು ಅವಳು ಅಜ್ಜನನ್ನು ಎಳೆದುಕೊಂಡು ಹೋದಳು.

“ಕೈ ಮುಂದೆ ತನ್ನಿ,” ಅಂದಳು ಕುಂಥಿಯಾ.

“ಬೇಡ. ತೊಳೆದಿಲ್ಲ.”

“ತನ್ನಿ ಅಂದೆ.”

ಅವನು ತಂದ. ಬೂದುಬಣ್ಣ, ಒಡೆದ ಬೆರಳು, ಹೆಬ್ಬೆರಳಿಗೆ ಹೊಸ ಗಾಯ. ಅವಳು ಎರಡೂ ಕೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು. ಅವಳ ಅಂಗಿಯ ತೋಳಿನ ರೇಷ್ಮೆ ಅವನ ಬೆರಳಿಗೆ ಸಿಕ್ಕಿ ಒಂದು ಎಳೆ ಎದ್ದಿತು.

“ಎಳೆ ಸಿಕ್ಕೊಳ್ತು,” ಅಂದ, ಉಸಿರು ಹಿಡಿದು.

“ಗೊತ್ತು. ಬಿಡಿಸಬೇಡಿ.”

ಇಷ್ಟು ನನಗೆ ಗೊತ್ತು. ಗೊತ್ತಿಲ್ಲದ್ದೂ ಇದೆ. ದೇವತೆ ಅವತ್ತೇ ಲಾರಿಯಲ್ಲಿ ಹೋದಳು. ಈಗ ಎಲ್ಲಿ ನಿಂತಿದ್ದಾಳೋ, ಆ ಹೂವನ್ನು ಯಾರಾದರೂ ಎಣಿಸಿದ್ದಾರೋ ಇಲ್ಲವೋ, ನಮ್ಮಲ್ಲಿ ಯಾರಿಗೂ ತಿಳಿಯದು. ಇನ್ನು ಆ ಗಂಟು... ಅದು ಕೈತಪ್ಪಿ ಬಿಟ್ಟುಹೋಯಿತೋ, ಬೇಕೆಂದೇ ಬಿಟ್ಟಳೋ ಎಂದು ಕುಂಥಿಯಾಳನ್ನು ಎರಡು ಸಲ ಕೇಳಿದೆ. ಒಂದು ಸಲ ಕೈತಪ್ಪಿ ಅಂದಳು. ಇನ್ನೊಂದು ಸಲ ಏನೂ ಹೇಳಲಿಲ್ಲ. ಮೂರನೆಯ ಸಲ ಕೇಳುವುದಕ್ಕೆ ನನಗೆ ಧೈರ್ಯವಾಗಲಿಲ್ಲ.