ಪೂರ್ತಿ ಮನೆಯ ವೈರಿಂಗ್

“ರೀ ವಿರೂಪಾಕ್ಷ, ನಮ್ಮನೆ ಕರೆಂಟು ನಿಮ್ಮ ಜೇಬಲ್ಲಿದೆ. ನೋಡ್ಕೊಳ್ಳಿ.”

ಫೋನ್ ಕಿವಿಗಿಟ್ಟುಕೊಂಡೇ ವಿರೂಪಾಕ್ಷ ಅಂಗಿಯ ಜೇಬು ತಡವಿದ. ಇತ್ತು, ಬಿಳಿ ಪಿಂಗಾಣಿಯ ಫ್ಯೂಸು. ತಂತಿಗೆ ಕೈ ಹಾಕುವ ಮೊದಲು ಮೇನ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಅವನ ರೂಢಿ. ಯಾರಾದರೂ ತಿಳಿಯದೆ ವಾಪಸ್ ಸಿಕ್ಕಿಸಿಬಿಟ್ಟರೆ ಪ್ರಾಣಕ್ಕೇ ಕುತ್ತು. ಹದಿನಾಲ್ಕು ವರ್ಷದ ಕೆಲಸದಲ್ಲಿ ಒಂದೇ ಒಂದು ದಿನವೂ ಅದನ್ನು ವಾಪಸ್ ಹಾಕಲು ಮರೆತವನಲ್ಲ. ಇವತ್ತು ಆರ್.ಟಿ. ನಗರದಿಂದ ಮಾಕಳಿಯ ತನ್ನ ರೂಮಿನವರೆಗೂ ಹೊತ್ತು ತಂದಿದ್ದ.

“ತಪ್ಪಾತ್ರಿ. ಈಗ ಬಂದೆ.”

“ನಿಧಾನಕ್ಕೆ ಬನ್ನಿ. ಅಮ್ಮನ ಸೀರಿಯಲ್ ಒಂದು ತಪ್ಪಿತು, ಅಷ್ಟೇ.” ಸರಳಾ ನಗುತ್ತಿದ್ದಳು.

ತುಮಕೂರು ರಸ್ತೆಯ ಮೆಟ್ರೊ ಕೆಲಸದ ಧೂಳು ಕುಡಿಯುತ್ತ ಸ್ಕೂಟರ್ ಓಡಿಸಿದ. ನಾಚಿಕೆಯಾಗಬೇಕಿತ್ತು. ಆದರೆ ಮನಸ್ಸು ಕುಣಿಯುತ್ತಿತ್ತು. ಒಂದೇ ದಿನದಲ್ಲಿ ಎರಡು ಸಲ ಅವಳನ್ನು ನೋಡುವ ಯೋಗ ಯಾರಿಗುಂಟು!

ಎಲ್ಲಾ ಅವತ್ತು ಮಧ್ಯಾಹ್ನವೇ ಶುರುವಾದದ್ದು. ಸರಳಾ ಮನೆಯಲ್ಲೇ ಕೇಕ್ ಮಾಡಿ ಅಂಗಡಿಗಳಿಗೆ ಕೊಡುವವಳು. ಈಗ ದೊಡ್ಡ ಓವನ್ ತರಿಸಬೇಕು, ಅದಕ್ಕೆ ಹೊಸ ಲೈನು ಬೇಕು. ಮನೆಯೋ, ಅವಳಪ್ಪ ನಲವತ್ತು ವರ್ಷದ ಹಿಂದೆ ಕಟ್ಟಿಸಿದ್ದು. ಗೋಡೆ ಮೇಲೆ ಮರದ ಪಟ್ಟಿ, ಅದರ ಮೇಲೆ ವೈರು. ಯಾವ ಫ್ಯೂಸು ಯಾವ ಕೋಣೆಗೆ ಹೋಗುತ್ತದೆ ಅಂತ ಕಂಡುಹಿಡಿಯಲು ಇಬ್ಬರು ಬೇಕು. ಬೋರ್ಡಿನ ಹತ್ತಿರ ಅವನು, ಕೋಣೆಗಳಲ್ಲಿ ಅವಳು.

“ಹೋತೇನ್ರಿ?”

“ಹೋಯ್ತು!”

“ಬಂತೇನ್ರಿ?”

“ಬಂತು!”

ಒಂದು ತಾಸು ಬರೀ ಇಷ್ಟೇ ಮಾತು. ದೇವರ ಕೋಣೆಯಿಂದ ಬಂದ ‘ಬಂತು’ ಮೆಲ್ಲಗಿತ್ತು, ಬಚ್ಚಲಿನಿಂದ ಬಂದದ್ದರಲ್ಲಿ ನಗು ಇತ್ತು. ಕೊನೆಯ ಸಲ ‘ಬಂತೇನ್ರಿ?’ ಅಂತ ತಿರುಗಿದರೆ ಅವನ ಹಿಂದೆಯೇ ನಿಂತಿದ್ದಳು, ಹಣೆಯ ಮೇಲೆ ಜೇಡರ ಬಲೆ ಅಂಟಿಸಿಕೊಂಡು. “ಬಂತು ರೀ,” ಅಂದಳು. ಅವನು ಬಲೆ ಇದೆ ಅಂತಲೂ ಹೇಳಲಿಲ್ಲ, ಕಣ್ಣು ತೆಗೆಯಲೂ ಇಲ್ಲ. ಆಮೇಲೆ ಹಳೇ ವೈರು ಟೆಸ್ಟ್ ಮಾಡಲು ಕಿತ್ತ ಮೇನ್ ಫ್ಯೂಸ್ ಮರೆತದ್ದರಲ್ಲಿ ಆಶ್ಚರ್ಯವೇನಿದೆ?

ಸಂಜೆ ಫ್ಯೂಸ್ ಹಾಕಿ ಲೈಟು ಹತ್ತಿಸಿದ ಮೇಲೆ ಸರಳಾ ಕಾಫಿ ತಂದಳು. ಲೋಟ ಕೊಟ್ಟವಳು ಅಲ್ಲೇ ನಿಂತಳು.

“ಒಂದು ಕೇಳ್ಲಾ? ಓವನ್ ಲೈನಿಗೆ ಕೈ ಹಾಕಿದ್ರೆ ಪೂರ್ತಿ ಮನೆ ವೈರಿಂಗನ್ನೂ ಈಗಿನ ರೂಲ್ಸ್ ಪ್ರಕಾರ ಹೊಸದು ಮಾಡಿಸ್ಲೇಬೇಕಂತೆ, ಹೌದಾ? ಎಲೆಕ್ಟ್ರಿಕಲ್ ಅಂಗಡಿ ಬ್ಯಾಟರಾಯಪ್ಪನವರು ಹೇಳಿದ್ರು.”

ವಿರೂಪಾಕ್ಷ ಲೋಟ ಕೆಳಗಿಟ್ಟ.

‘ಬೇಕ್ರಿ’ ಅಂದರೆ ಸಾಕು, ಒಂದು ತಿಂಗಳ ಕೆಲಸ. ದಿನಾ ಬೆಳಿಗ್ಗೆ ಈ ಗೇಟು, ದಿನಾ ಈ ದನಿ. ಲೈಸೆನ್ಸ್ ಇರುವವನು ಅವನು, ಅವನ ಮಾತನ್ನು ಅವಳು ನಂಬುತ್ತಾಳೆ. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಮನಸ್ಸು ಹೀಗೆ ಹಟ ಹಿಡಿದಿತ್ತು. ಆದರೆ ಆ ವೈರಿಂಗ್ ಮಾಡಿಸಿದರೆ ದುಡ್ಡೆಲ್ಲ ಅದಕ್ಕೇ ಹೋಗಿ ಓವನ್ ಈ ವರ್ಷ ಬರುವುದಿಲ್ಲ. ಅದು ಬರುವ ಜಾಗವನ್ನು ಅವಳು ಆಗಲೇ ಗುಡಿಸಿ, ಗೋಡೆಗೆ ಸುಣ್ಣ ಹೊಡೆದಿದ್ದಳು.

“ಇಲ್ರಿ,” ಅಂದ. “ಹೊಸದಾಗಿ ಎಳೆಯೋ ಲೈನು ಈಗಿನ ರೂಲ್ಸ್ ಪ್ರಕಾರ ಇರಬೇಕು. ಅರ್ಥಿಂಗ್, ಶಾಕ್ ಹೊಡದ್ರ ತಾನಾಗೇ ಬೀಳೋ ಸ್ವಿಚ್ಚು, ಎಲ್ಲಾ ಹಾಕ್ಬೇಕು. ಮುಟ್ಟದ ಹಳೇ ಲೈನ್ ಕಿತ್ತುಹಾಕ್ರಿ ಅಂತ ರೂಲ್ಸ್ ಹೇಳೂದಿಲ್ಲ. ಹಾಳಾಗಿದ್ರ ನಾನೇ ಹೇಳ್ತಿದ್ದೆ. ನಿಮ್ಮವು ಟೆಸ್ಟ್ ಮಾಡೀನಿ, ಗಟ್ಟಿ ಅದಾವು.”

“ಅಂದ್ರೆ ಎಷ್ಟು ದಿನದ ಕೆಲಸ?”

“ನಾಳೆ ಒಂದಿನ.”

“ಒಳ್ಳೇದಾಯ್ತು ಬಿಡಿ,” ಅಂದಳು. ಆದರೆ ಆ ದನಿಯಲ್ಲಿ ಒಳ್ಳೆಯದಾದ ಲಕ್ಷಣವೇನೂ ಇರಲಿಲ್ಲ.

ಮರುದಿನ ಕೆಲಸ ಬೇಗ ಮುಗಿಯದಿರಲಿ ಅಂತ ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು. ಆದರೂ ನಾಲ್ಕು ಗಂಟೆಗೆಲ್ಲ ಮುಗಿಯಿತು. ಸರಳಾ ಗೇಟಿನ ತನಕ ಬಂದಳು. ಗೇಟು ಹಿಡಿದುಕೊಂಡೇ ಹೇಳಿದಳು.

“ಪೂರ್ತಿ ಮನೆಗೆ ಬೇಕು ಅಂತ ಹೇಳ್ತೀರೇನೋ ಅನ್ಕೊಂಡಿದ್ದೆ.”

“ಸುಳ್ಳಾಗ್ತಿತ್ತಲ್ರಿ.”

“ನಾನು ನಂಬ್ತಿದ್ದೆ.”

“ಅದಕ್ಕೇ ಹೇಳ್ಲಿಲ್ರಿ.”

ಅವಳು ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಮುನಿಸಿತ್ತು, ಅದರ ಕೆಳಗೆ ಇನ್ನೇನೋ ಇತ್ತು. ಏನಂತ ಕೇಳುವ ಧೈರ್ಯವಾಗದೆ ಅವನು ಸ್ಕೂಟರ್ ಸ್ಟಾರ್ಟ್ ಮಾಡಿದ.

ಆಮೇಲಿನ ಒಂಬತ್ತು ದಿನ ವಿರೂಪಾಕ್ಷನಿಗೆ ಊಟ ರುಚಿಸಲಿಲ್ಲ. ಯಶವಂತಪುರದ ಒಂದು ಮನೆಯಲ್ಲಿ ‘ಬಂತೇನ್ರಿ?’ ಅಂದಾಗ ಯಾರೋ ಗಂಡಸು ‘ಹ್ಞಾಂ, ಬಂತು’ ಅಂದ. ಅವನಿಗೆ ಅಳುವೇ ಬಂದಂತಾಯಿತು. ಹತ್ತನೆಯ ದಿನ ಭಾನುವಾರ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರಿಗೈಯಲ್ಲಿ ಹೊರಟ.

ಬಾಗಿಲು ತೆರೆದವರು ಸರಳಾಳ ತಾಯಿ ಕೃಷ್ಣಮ್ಮ. ಅವನ ಕೈ ನೋಡಿದರು.

“ಎಲ್ಲಪ್ಪಾ ನಿನ್ನ ಬ್ಯಾಗು?”

“ಕೆಲಸಕ್ಕೆ ಬಂದಿಲ್ರಿ ಅಮ್ಮಾರೆ.”

“ಮತ್ತೆ?”

ಒಳಗೆ ಪಾತ್ರೆ ಸದ್ದು ಥಟ್ಟನೆ ನಿಂತಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ ಒಂದೇ ಉಳಿಯಿತು.

“ನಿಮ್ಮ ಮಗಳನ್ನ ನನಗ ಕೊಡ್ತೀರೇನು ಅಂತ ಕೇಳಾಕ ಬಂದೀನ್ರಿ. ಅವರಿಗೆ ಮನಸ್ಸಿದ್ರ.”

ಕೃಷ್ಣಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಅಡುಗೆಮನೆ ಕಡೆ ಮುಖ ಮಾಡಿದರು. “ಏನೇ ಸರಳಾ, ಇವರು ಏನೋ ಕೇಳ್ತಾವ್ರೆ. ಏನ್ ಹೇಳ್ಲಿ?”

ವಿರೂಪಾಕ್ಷ ಚಪ್ಪಲಿ ಕೂಡ ಬಿಡದೆ ಹೊಸಿಲಾಚೆಯೇ ನಿಂತಿದ್ದ.

“ಅಮ್ಮಾ,” ಅಂತ ಒಳಗಿನಿಂದ ದನಿ ಬಂತು, ನಡುಗುತ್ತ, ನಗುತ್ತ. “ಹೂಂ ಅನ್ನು. ಮೊದ್ಲು ಒಳಗೆ ಕರಿಯಮ್ಮಾ ಅವರನ್ನ.”